ಸಯನೋಟೈಪ್ ಅಪ್‌ಡೇಟ್: ಬೋರ್ ನೀರನ್ನೂ ಆಟಕ್ಕೆ ಸೇರಿಸ್ಕೊಂಡಾಯ್ತು

ಸಯನೋಟೈಪ್, ಅಂದ್ರೆ ಬಿಸಿಲಲ್ಲಿ ಪೇಪರ್ ಮೇಲೆ ನೀಲಿ ಚಿತ್ರ ಮೂಡಿಸೋ ಆಟದಲ್ಲಿ, ನೀಲಿ ನಿಲ್ತಾನೇ ಇಲ್ಲ ಅಂತ ಹೋದ ಸಲ ಗೋಳಾಡಿದ್ನಲ್ಲ, ಕಾರಣ ಸಿಕ್ತು ನೋಡ್ರಪ್ಪ, ನಮ್ಮನೆ ಬೋರ್ ನೀರು. ವರ್ಷಪೂರ್ತಿ ಹರಿಯೋ ನದಿನೇ ಇಲ್ಲದ ಕೋಲಾರದಲ್ಲಿ ಬೇರೆ ಯಾವ ನೀರು ತರೋಣ ಹೇಳಿ. ಸಯನೋಟೈಪಲ್ಲಿ ಬರೋದು ಪ್ರಷ್ಯನ್ ಬ್ಲೂ ಅನ್ನೋ ನೀಲಿ ಬಣ್ಣ, ಅದಕ್ಕೂ ಕ್ಷಾರಕ್ಕೂ ಆಗ್ಬರಲ್ಲ, ಕ್ಷಾರ ಇರೋ ಈ ಗಡಸು ನೀರಲ್ಲಿ ಜಾಸ್ತಿ ಹೊತ್ತು ನೆನೆಸಿಟ್ರೆ ಬಣ್ಣ ಮಂಕಾಗ್ತಾ ಮಂಕಾಗ್ತಾ ಕೊನೆಗೆ ಹಳದಿ ಕಲೆ ಉಳಿಯುತ್ತೆ.

ಹೊಸಬರಿಗೆ ಶಾರ್ಟಾಗಿ: 100 ಎಂಎಲ್ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಎಂಎಲ್‌ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್, ಎರಡನ್ನೂ ಸಮಸಮ ಬೆರೆಸಿ ಪೇಪರಿಗೆ ಬಳಿದು ಕತ್ಲಲ್ಲಿ ಒಣಗ್ಸಿ, ಮೇಲೆ ಎಲೆ ಇಟ್ಟು ಟೆರೇಸ್ ಬಿಸಿಲಿಗೆ. ಆಮೇಲೆ ನೀರಲ್ಲಿ ತೊಳೆದ್ರೆ ಬಿಸಿಲು ಬಿದ್ದ ಕಡೆ ನೀಲಿ, ಎಲೆ ಇದ್ದ ಕಡೆ ಬಿಳಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದಿದ್ದು. ಸಯನೈಡ್ ಅನ್ನೋ ಹೆಸರು ಕೇಳಿದ್ದೇ ತಡ ಚಿಕ್ಕಮ್ಮನಿಗೆ ಕೆಜಿಎಫ್ ಚಿನ್ನದ ಗಣಿಯ ಸಯನೈಡ್ ದಿಬ್ಬಗಳು ನೆನಪಾಗಿ, ಆ ಟ್ರೇ ಹೊಸ್ತಿಲು ದಾಟಬಾರ್ದು ಅಂದ್ಬಿಟ್ರು. ಇದ್ರಲ್ಲಿ ಸಯನೈಡು ಕಬ್ಬಿಣಕ್ಕೆ ಗಟ್ಟಿಯಾಗಿ ಕಚ್ಕೊಂಡಿರುತ್ತೆ, ಸ್ಟ್ರಾಂಗ್ ಆಸಿಡ್ ಬೆರೆಸ್ಬಾರ್ದು, ಕಾಯಿಸ್ಬಾರ್ದು, ಅಡುಗೆ ಪಾತ್ರೆ ಮುಟ್ಬಾರ್ದು, ಅಷ್ಟೇ.

ತೊಳೆಯೋ ನೀರಿಗೆ ಸ್ವಲ್ಪ ವಿನೆಗರ್ ಹಾಕಿದ್ರೆ ನೀಲಿ ನಿಲ್ಲುತ್ತೆ. ಹುಣಸೆ ನೀರೂ ಟ್ರೈ ಮಾಡ್ದೆ, ಅದೂ ಹುಳಿನೇ ತಾನೆ, ಆದ್ರೆ ಬಿಳಿ ಜಾಗಕ್ಕೆಲ್ಲ ಒಂಥರಾ ಕಂದು ಛಾಯೆ ಹಿಡೀತು. ನಂಗೆ ಅದೇ ಇಷ್ಟ ಆಯ್ತು.

ಅಲ್ಲಿಂದ ತಲೆ ಬೇರೆ ಕಡೆ ಓಡ್ತು. ಕ್ಷಾರ ನೀಲಿನ ತಿನ್ನುತ್ತೆ ಅಂದ್ಮೇಲೆ ಅದನ್ನ ರಬ್ಬರ್ ಥರ ಬಳಸ್ಬಹುದಲ್ವಾ ಅಂತ ವಾಷಿಂಗ್ ಸೋಡಾ ನೀರಲ್ಲಿ ಬ್ರಷ್ ಅದ್ದಿ ಬೇಕಾದ್ ಕಡೆ ಅಳಿಸಿ, ಚೆನ್ನಾಗಿ ತೊಳೆದು ಆಮೇಲೆ ಸ್ಟ್ರಾಂಗ್ ಟೀ ಡಿಕಾಕ್ಷನ್‌ನಲ್ಲಿ ಮುಳುಗಿಸ್ದೆ. ಟೀಲಿರೋ ಟ್ಯಾನಿನ್ ಉಳಿದ ಕಬ್ಬಿಣ ಹಿಡ್ಕೊಂಡು ಕಪ್ಪಾಗುತ್ತೆ. ಹುಣಸೆ ಸೊಪ್ಪಿನ ಒಂದು ಪ್ರಿಂಟಲ್ಲಿ ಸೋಡಾ ನೀರಿನ ಹನಿ ತಪ್ಪಿ ಬಿದ್ದು ದುಂಡಗೆ ಹಳದಿ ಆಗಿತ್ತು, ಟೀಲಿ ಅದ್ದಿದ್ಮೇಲೆ ಅಂಚು ಮಾತ್ರ ಕಡುಕಪ್ಪಾಗಿ ಒಳಗೆ ಎರಡು ಸಾಲು ಪುಟಾಣಿ ಎಲೆ ತೇಲ್ತಾ ಇದೆ. ಬೇಕಂತ ಮಾಡಕ್ಕೆ ಹೋದ್ರೆ ಆ ಅಂಚು ಬರ್ತಾ ಇಲ್ಲ.

ಅರಿಶಿನ, ಸೋಪಿನ ನೊರೆ ಹಾಕಿ ಒದ್ದೆ ಪೇಪರನ್ನೇ ಗಂಟೆಗಟ್ಲೆ ಬಿಸಿಲಲ್ಲಿಟ್ಟಿದ್ದು ಮಾತ್ರ ಬರೀ ಕೆಸರು.

ಪೇಪರ್ ಬಗ್ಗೆ ನನ್ ಅಭಿಪ್ರಾಯ: ದುಬಾರಿ ಶೀಟ್ ಇಟ್ಕೊಂಡ್ರೆ ಆಟ ಆಡಕ್ಕಾಗಲ್ಲ, ಕೈ ನಡುಗುತ್ತೆ. ಅದೂ ಅಲ್ದೆ ಬಾಳಿಕೆ ಬರ್ಲಿ ಅಂತ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದ ಪೇಪರ್ ಸಯನೋಟೈಪಿಗೆ ಶತ್ರು, ಅದೂ ಕ್ಷಾರನೇ. ಸೋಲನ್ನ ಅಪ್ಪಿಕೊಳ್ಳಿ ಅಂತ ಹೇಳೋರು ಪೇಪರ್ ರೇಟ್ ಹೇಳಲ್ಲ. ನಾನಂತೂ ಸ್ಟೇಷನರಿ ಅಂಗಡಿ ಡ್ರಾಯಿಂಗ್ ಶೀಟ್ ಕತ್ತರಿಸ್ಕೊಂಡು ಹಿಂದೆ ಪೆನ್ಸಿಲಲ್ಲಿ ಯಾವ ನೀರು, ಎಷ್ಟು ಹೊತ್ತು ಅಂತ ಗೀಚ್ತೀನಿ, ಬರ್ಕೊಳ್ದೇ ಇದ್ರೆ ಆಟವೂ ಅಲ್ಲ, ಬರೀ ವೇಸ್ಟು.

ಮುಂದಿನದು, ಮಳೆ ನೀರು ಹಿಡಿದಿಟ್ಟು ಒಂದೇ ಥರದ ಹೊಂಗೆ ಎಲೆ ಪ್ರಿಂಟ್‌ಗಳನ್ನ ಒಂದು ಬೋರ್ ನೀರಲ್ಲಿ, ಒಂದು ಮಳೆ ನೀರಲ್ಲಿ ತೊಳೆದು ಪಕ್ಕಪಕ್ಕ ಇಟ್ಟು ನೋಡ್ಬೇಕು. ಸಿಟ್ರೇಟ್ ಬಾಟ್ಲಲ್ಲಿ ಬೂಷ್ಟು ಬಂದಿದೆ, ಸೋಸಿ ಬಳಸಿ ಅಂತಾರೆ, ಒಂದು ಶೀಟಿಗಾದ್ರೂ ಸೋಸ್ದೇ ಹಂಗೇ ಬಳಿಯೋ ಐಡಿಯಾ ಇದೆ.