ಇನ್ನೂ ಕೆರೆಯಲ್ಲೇ ಇದ್ದ ಹುಡುಗ

"ನಾ ಇನ್ನೂ ಕೆರಿಯಾಗ ಅದೀನ್ರಿ ಟೀಚರ್."

ಬುಧವಾರ ಮಧ್ಯಾಹ್ನ ಆರು ವರ್ಷದ ಒಬ್ಬ ಹುಡುಗ ಹೇಳಿದ ಮಾತಿದು. ಮೂರು ದಿನವಾದರೂ ಕಿವಿಯಿಂದ ಹೋಗಿಲ್ಲ.

ನನ್ನದು ನಲಿ-ಕಲಿ ತರಗತಿ. ಒಂದು, ಎರಡು, ಮೂರನೇ ಕ್ಲಾಸಿನ 28 ಮಕ್ಕಳು ಒಂದೇ ಕೋಣೆಯಲ್ಲಿ. ಶಾಲೆ ಹೆಬ್ಬಾಳದ ಆಚೆ ಇದೆ. ಸುತ್ತಲೂ ಅಪಾರ್ಟ್‌ಮೆಂಟುಗಳು ಏಳುತ್ತಿವೆ, ಅವನ್ನು ಕಟ್ಟುವವರ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ದಿನದಲ್ಲಿ ನನಗೆ ಪಾಠ ಅಷ್ಟು ಕಷ್ಟವಲ್ಲ. ಬಿಸಿಯೂಟ ಮುಗಿಸಿ ಮಕ್ಕಳು ಒಳಗೆ ಬರುವ ಆ ಹತ್ತು ನಿಮಿಷ ಇದೆಯಲ್ಲ, ಅದು ಕಷ್ಟ. ತಟ್ಟೆ ತೊಳೆಯುವ ನಲ್ಲಿ ಹತ್ತಿರ ತಳ್ಳಾಟ, ಒದ್ದೆ ಕೈ, ಯಾರದೋ ಅಳು. ಬೆಲ್ ಹೊಡೆದ ತಕ್ಷಣ ಮಗುವಿನ ಮನಸ್ಸು ಅಂಗಳ ಬಿಟ್ಟು ಬರುತ್ತದಾ? ಮೈ ಒಳಗೆ ಕೂತಿರುತ್ತದೆ, ಮನಸ್ಸು ಹೊರಗೇ ಓಡಾಡುತ್ತಿರುತ್ತದೆ.

ಅದಕ್ಕೇ ಈ ವರ್ಷ ಕೆರೆ-ದಡ ಶುರು ಮಾಡಿದೆ. ವರಾಂಡದ ಅಂಚಿಗೆ ಚಾಕ್‌ಪೀಸಿನಲ್ಲಿ ಒಂದು ಗೆರೆ. ಅಂಗಳದ ಕಡೆ ಕೆರೆ, ಕೋಣೆಯ ಕಡೆ ದಡ. ನಾನು ಕೂಗಿದ ಕಡೆಗೆ ಎಲ್ಲರೂ ನೆಗೆಯಬೇಕು. ಮೊದಲ ವಾರ ತಪ್ಪು ಮಾಡಿದೆ. ತಪ್ಪಾಗಿ ನೆಗೆದವರನ್ನು ಔಟ್ ಅಂದೆ. ಔಟಾದವರು ಸುಮ್ನೆ ನಿಲ್ಲುತ್ತಾರಾ? ಮತ್ತೆ ನಲ್ಲಿ ಹತ್ತಿರ ಹೋಗಿ ಜಗಳ. ಆಮೇಲೆ ನಿಯಮ ಬದಲಾಯಿಸಿದೆ. ತಪ್ಪಿದವರು ನನ್ನ ಪಕ್ಕ ಬಂದು ನಿಂತು ಒಂದು ಸಲ ಕೂಗಬೇಕು, ಮತ್ತೆ ಆಟಕ್ಕೆ ಸೇರಬೇಕು. ಮೊದಲು ಜೋರಾಗಿ ಕೂಗುತ್ತೇನೆ. ಬರಬರುತ್ತಾ ದನಿ ತಗ್ಗಿಸುತ್ತೇನೆ. ಕೊನೆಗೆ ಪಿಸುಮಾತು. ಕೇಳಿಸಬೇಕಾದರೆ ಎಲ್ಲರೂ ಸದ್ದಿಲ್ಲದೆ ನಿಲ್ಲಲೇಬೇಕು. ಆ ಕೊನೆಯ "ದಡ"ಕ್ಕೆ ಗೆರೆ ದಾಟಿದವರು ಹಾಗೇ ಒಳಗೆ ಹೋಗಿ ಕೂರುತ್ತಾರೆ. ಐದು ನಿಮಿಷ ಸಾಕು. "ಕೂತ್ಕೊಳ್ರೋ" ಅಂತ ಗಂಟಲು ಹರಿದುಕೊಳ್ಳುವುದು ತಪ್ಪಿದೆ.

ಈ ಹುಡುಗ ಬಂದು ಮೂರು ವಾರ. ಯಾದಗಿರಿ ಕಡೆಯವರು. ಅಕ್ಕ ಇಲ್ಲೇ ಐದನೇ ಕ್ಲಾಸು. ಊಟಕ್ಕೆ ಅವಳ ಪಕ್ಕವೇ ಕೂರುತ್ತಾನೆ. ಬೆಲ್ ಆದಾಗ ಅವಳು ಎದ್ದು ಹೋಗಬೇಕು, ಅಲ್ಲಿಗೆ ಅಳು ಶುರು. ತೊಳೆದ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಾನೆ, ಯಾರಿಗೂ ಕೊಡುವುದಿಲ್ಲ. ಅಕ್ಕ ಸಮಾಧಾನ ಮಾಡಿ ತನ್ನ ಕ್ಲಾಸಿಗೆ ತಡವಾಗಿ ಹೋಗಿ ಬೈಸಿಕೊಳ್ಳುತ್ತಾಳೆ. ಅಪ್ಪ ಅಮ್ಮ ಬೆಳಗ್ಗೆಯೇ ಸೈಟಿಗೆ ಹೋಗುವ ಮನೆಯಲ್ಲಿ ಹತ್ತು ವರ್ಷದ ಆ ಹುಡುಗಿಯೇ ತಾಯಿ. ಅವಳನ್ನು ಬೈಯುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಬುಧವಾರ ಆಟ ಅರ್ಧದಲ್ಲಿತ್ತು. ನಾನು "ಕೆರೆ" ಅಂದಿದ್ದೆ, ಎಲ್ಲರೂ ಅಂಗಳದ ಕಡೆ ನೆಗೆದಿದ್ದರು. ಆಗ ನಮ್ಮ ಹಿರಿಯ ಮೇಷ್ಟ್ರು ಆ ಕಡೆಯಿಂದ ಬಂದರು. "ಊಟ ಆದ್ಮೇಲೂ ಆಟಾನಾ ಮೇಡಂ? ಪಾಠ ಯಾವಾಗ?" ಅಂದರು. ಅವರು ಕೆಟ್ಟವರಲ್ಲ. ಭಿನ್ನರಾಶಿಯನ್ನು ಅವರಷ್ಟು ಚೆನ್ನಾಗಿ ಹೇಳಿಕೊಡುವವರನ್ನು ನಾನು ನೋಡಿಲ್ಲ. ಆದರೆ ಆಟ ಅಂದರೆ ಪಾಠದ ಸಮಯದಿಂದ ಕಿತ್ತುಕೊಂಡಿದ್ದು ಅಂತ ಅವರ ಲೆಕ್ಕ. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗಿನಿಂದ ಆಟ, ಹಾಡು, ಕಥೆ ಎಲ್ಲ ಕಲಿಕೆಯ ಒಳಗೇ ಇವೆ ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ. ಮುಖ ಬಿಸಿಯಾಯಿತು. "ಸರಿ, ಎಲ್ಲರೂ ಒಳಗೆ ನಡೀರಿ" ಅಂದುಬಿಟ್ಟೆ.

27 ಮಕ್ಕಳು ಒಳಗೆ ಹೋದರು. ಇವನೊಬ್ಬ ಗೆರೆಯ ಆಚೆ ನಿಂತಿದ್ದ. ಎದೆಗೆ ತಟ್ಟೆ. ಇವತ್ತೂ ಹಟ ಅಂದುಕೊಂಡೆ. ಜೋರಾಗಿಯೇ ಗದರಿದೆ, "ನಿನಗೆ ಬೇರೆ ಹೇಳಬೇಕಾ?"

ಆಗಲೇ ಅವನು ಆ ಮಾತು ಹೇಳಿದ್ದು. "ನಾ ಇನ್ನೂ ಕೆರಿಯಾಗ ಅದೀನ್ರಿ ಟೀಚರ್. ನೀವು ದಡ ಅಂದೇ ಇಲ್ಲಲ್ರಿ."

ಅವನ ಕಣ್ಣಲ್ಲಿ ನೀರಿರಲಿಲ್ಲ. ಅಕ್ಕ ಆಗಲೇ ಹೋಗಿದ್ದಳು, ಅದನ್ನೂ ಅವನು ನೋಡಿರಲಿಲ್ಲ. ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದ. ನಾನು ಬಗ್ಗಿ, ಮೆಲ್ಲಗೆ "ದಡ" ಅಂದೆ. ಎರಡೂ ಕಾಲು ಜೋಡಿಸಿ ನೆಗೆದ, ತಟ್ಟೆಯನ್ನು ತಾನೇ ಬುಟ್ಟಿಗೆ ಹಾಕಿ ಒಳಗೆ ಹೋದ.

ರಾತ್ರಿ ಪಾತ್ರೆ ತೊಳೆಯುವಾಗಲೂ ಅದೇ ನೆನಪು. ಊರಿಂದ ಬಂದಾಗ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಿದ್ದಾಗಿ ಅವನ ಅಮ್ಮ ಹೇಳಿದ್ದರು. ಆ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಈ ಊರಿಗೆ ಬಂದವರಲ್ಲಿ ಎಷ್ಟೋ ಜನ ಮೊದಲು ಕಾಲಿಟ್ಟಿದ್ದೇ ಕೆರೆಯೊಳಗೆ. ಊರು, ಅಜ್ಜಿ, ಅಂಗನವಾಡಿ, ಪರಿಚಯದ ಮಾತು, ಎಲ್ಲವನ್ನೂ ಒಂದೇ ರಾತ್ರಿಯ ಬಸ್ಸಿನಲ್ಲಿ ಬಿಟ್ಟು ಬಂದ ಮಗು ಅವನು. "ಈಗ ದಾಟು, ಇಲ್ಲಿ ನೆಲ ಗಟ್ಟಿ ಇದೆ" ಅಂತ ಅವನಿಗೆ ಯಾರು ಹೇಳಿದ್ದಾರೆ? ನಾನು ಹೇಳಬೇಕಿತ್ತು. ಮೇಷ್ಟ್ರ ಒಂದು ಮಾತಿಗೆ ಅಳುಕಿ, ಅದನ್ನು ಹೇಳದೇ ಬಿಟ್ಟೆ. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಗುರುವಾರ ಮೇಷ್ಟ್ರ ಹತ್ತಿರ ಹೋಗಿ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದರು. "ಅಕ್ಕ ನನ್ನ ಕ್ಲಾಸಿನವಳೇ, ನಾಳೆಯಿಂದ ಐದು ನಿಮಿಷ ತಡವಾದರೆ ಏನೂ ಅನ್ನಲ್ಲ ಬಿಡಿ" ಅಂದರು.

ಶುಕ್ರವಾರ ಹುಡುಗ ತಪ್ಪಾಗಿ ನೆಗೆದ. ನನ್ನ ಪಕ್ಕ ಬಂದು ನಿಂತ, ಕೂಗುವ ಸರದಿ ಅವನದು. "ಕೆರಿ!" ಎಲ್ಲರೂ ನೆಗೆದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಹಾಗೇ ದನಿ ತಗ್ಗಿಸಿ, "ದಂಡಿ" ಅಂದ. ಅವನ ಊರಿನ ಮಾತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ನೆಗೆದಳು, ಅವಳ ಹಿಂದೆ ಇನ್ನಿಬ್ಬರು, ಆಮೇಲೆ ಎಲ್ಲರೂ.