ಈಸ್ಟ್‌ವಿಲ್‌ಗೆ ಹೋಗುವ ಮುನ್ನ: ವರ್ಜೀನಿಯಾದ ಹಳೇ ಪತ್ರಗಳಲ್ಲಿ ಸೊಸೆಯ ವಂಶ ಹುಡುಕಿದ ಅನುಭವ

ನನ್ನ ಸೊಸೆಯ ತಂದೆ ಕಡೆಯವರು ಅಮೆರಿಕದ ವರ್ಜೀನಿಯಾದಲ್ಲಿ ಹತ್ತಿರ ಹತ್ತಿರ ಮುನ್ನೂರು ವರ್ಷದಿಂದ ಇದ್ದವರು. ಅವಳು ಒಬ್ಬರಿಗೆ 400 ಡಾಲರ್ ಕೊಟ್ಟು ವಂಶವೃಕ್ಷ ಮಾಡಿಸಿದ್ದಳು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ನೋಡೋಕೆ ಚೆನ್ನಾಗಿತ್ತು. ನಾನು ಮೂವತ್ತೊಂದು ವರ್ಷ ತುಮಕೂರು ಕಡೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೆಲಸ ಮಾಡಿದವಳು. ನೋಡಿದ ಕೂಡಲೇ ಕೇಳಿದ್ದು ಒಂದೇ ಮಾತು: "ಇವನು ಇವನ ಮಗ ಅನ್ನೋದಕ್ಕೆ ಪತ್ರ ಎಲ್ಲಿದೆ?"

ಪತ್ರ ಇರಲಿಲ್ಲ. ಒಂದೇ ಹೆಸರಿನ ಇಬ್ಬರು ಇದ್ದರು. ಒಬ್ಬ ಸೀನಿಯರ್, ಇನ್ನೊಬ್ಬ ಜೂನಿಯರ್. ಅಪ್ಪ, ಮಗ ಅಂತ ಗೆರೆ ಎಳೆದು ದುಡ್ಡು ತಗೊಂಡಿದ್ದರು. ಆ ಕಾಲದಲ್ಲಿ ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ವಯಸ್ಸಾದವನು ಸೀನಿಯರ್, ಚಿಕ್ಕವನು ಜೂನಿಯರ್, ಅಷ್ಟೇ. ಸಂಬಂಧವೇ ಇಲ್ಲದಿದ್ದರೂ ಹಾಗೆ ಬರೆಯುತ್ತಿದ್ದರು. ಅದಕ್ಕೇ ಮೂಲ ಪುಸ್ತಕಗಳನ್ನೇ ನೋಡಿ ಬರೋಣ ಅಂತ ನಾನು, ಸೊಸೆ ಇಬ್ಬರೇ ಹೊರಟೆವು. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗುವ ಎಷ್ಟೋ ಜನರಿಗೆ ಈಗ ಇಂಥ ಬೀಗರಿದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಸ್ಸಿನ ವಿಷಯ. ವಾಷಿಂಗ್ಟನ್‌ನಿಂದ ರಿಚ್ಮಂಡ್‌ಗೆ ಟಿಕೆಟ್ ಅಗ್ಗ ಅಂತ ಬಸ್ಸು ಹತ್ತಿದೆವು. ಎರಡೂವರೆ ಗಂಟೆಯ ದಾರಿಗೆ ಆರು ಗಂಟೆ ಹಿಡಿಯಿತು. ಜುಲೈ ತಿಂಗಳ ಬಿಸಿಲು. ಎ.ಸಿ. ಕೆಟ್ಟಿತ್ತು, ಕಿಟಕಿ ತೆಗೆಯೋಕೆ ಬರುವುದಿಲ್ಲ. ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಎರಡು ಗಂಟೆ ನಿಲ್ಲಿಸಿದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಬಾಣಂತಿ ಮಗುವಿಗೆ ಕಾಗದದಲ್ಲಿ ಗಾಳಿ ಹಾಕುತ್ತಾ ಅಳುತ್ತಿದ್ದಳು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನೀವು ಆಮ್‌ಟ್ರಾಕ್ ರೈಲಿನಲ್ಲಿ ಹೋಗಿ. ರಿಚ್ಮಂಡ್‌ನ ಮೇನ್ ಸ್ಟ್ರೀಟ್ ನಿಲ್ದಾಣಕ್ಕೆ ಹೋಗುವ ರೈಲನ್ನೇ ನೋಡಿ ತಗೊಳ್ಳಿ. ಅಲ್ಲಿಂದ ಲೈಬ್ರರಿ ಆಫ್ ವರ್ಜೀನಿಯಾಕ್ಕೆ ನಡೆದೇ ಹೋಗಬಹುದು.

ಆ ಲೈಬ್ರರಿಗೆ ಪ್ರವೇಶ ಉಚಿತ. ಹಳೇ ಕೌಂಟಿಗಳ (ನಮ್ಮ ಜಿಲ್ಲೆಗಳ ಥರ) ಪತ್ರದ ಪುಸ್ತಕ, ವಿಲ್ಲಿನ ಪುಸ್ತಕಗಳೆಲ್ಲ ಅಲ್ಲಿ ಮೈಕ್ರೋಫಿಲ್ಮಿನಲ್ಲಿವೆ. ಆದರೆ ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ ಅಂತ ನಮಗೆ ಅಲ್ಲಿ ಹೋದಮೇಲೆ ಗೊತ್ತಾಯಿತು. ಇಂಗ್ಲೆಂಡಿನ ರಾಜನ ಕಾಲದ ಭೂ ಮಂಜೂರಾತಿಗಳ ಪ್ರತಿಗಳನ್ನು ಆ ಲೈಬ್ರರಿಯೇ ಇಂಟರ್‌ನೆಟ್‌ನಲ್ಲಿ ಬಿಟ್ಟಿದೆ. ಚಾನ್ಸರಿ ಅನ್ನುವ, ಆಸ್ತಿ ಪಾಲಿನಂಥ ವ್ಯಾಜ್ಯ ನೋಡುತ್ತಿದ್ದ ಕೋರ್ಟಿನ ದಾವೆಗಳೂ ಸಿಗುತ್ತವೆ. 1785ರ ಕಾನೂನು (ಮುಂದೆ ಹೇಳುತ್ತೇನೆ) ಬಂದಮೇಲೆ, ವಿಲ್ಲು ಬರೆಯದೆ ಸತ್ತವನ ಜಮೀನು ಪಾಲಾಗುವಾಗ ಮಕ್ಕಳು ದಾವೆ ಹೂಡುತ್ತಿದ್ದರು. ಅದರಲ್ಲಿ ಮದುವೆಯಾದ ಹೆಣ್ಣುಮಕ್ಕಳು, ಅವರ ಗಂಡಂದಿರು, ತೀರಿಹೋದ ಮಗನ ಮಕ್ಕಳು ಎಲ್ಲರ ಹೆಸರೂ ಇರುತ್ತದೆ. ಒಂದು ದಾವೆ ಸಿಕ್ಕರೆ ಒಂದು ಇಡೀ ವಂಶ ಸಿಕ್ಕ ಹಾಗೆ. ಫ್ಯಾಮಿಲಿಸರ್ಚ್ ಅನ್ನುವ ಉಚಿತ ತಾಣದಲ್ಲಿ 2024ರಿಂದ ಹಳೇ ಕೈಬರಹದ ಪತ್ರ, ವಿಲ್ಲುಗಳ ಒಳಗಿನ ಪದಗಳನ್ನೇ ಹುಡುಕಬಹುದು. ಸಾಕ್ಷಿ ಹಾಕಿದವನ ಹೆಸರೂ ಸಿಗುತ್ತದೆ. ದುಡ್ಡು ಕೇಳುವವರ ಹತ್ತಿರ ಹೋಗುವ ಮೊದಲು ಇದನ್ನು ನೋಡಿ ದಯವಿಟ್ಟು.

ರಿಚ್ಮಂಡ್‌ನಿಂದ ಬಾಡಿಗೆ ಕಾರು ತಗೊಂಡು ನ್ಯೂ ಕೆಂಟ್ ಕೌಂಟಿಗೆ ಹೋದೆವು. ಆ 400 ಡಾಲರಿನ ವಂಶವೃಕ್ಷದಲ್ಲಿ ಮೊದಲ ಹಿರಿಯ ಅಲ್ಲಿಯವನು ಅಂತ ಇತ್ತು. ಅಲ್ಲಿ ಹಳೆಯ ಪತ್ರಗಳೇ ಇಲ್ಲ. 1787ರಲ್ಲಿ ಜಾನ್ ಪ್ರೈಸ್ ಪೋಸಿ ಅನ್ನುವವನು ಅಲ್ಲಿನ ಜೈಲಿಗೂ ದಾಖಲೆ ಕಚೇರಿಗೂ ಬೆಂಕಿ ಇಟ್ಟ. ಮರುವರ್ಷ ಅವನನ್ನು ಗಲ್ಲಿಗೇರಿಸಿದರು. ಆಮೇಲೆ ಸೇರಿದ ಪುಸ್ತಕಗಳನ್ನು ಅಂತರ್ಯುದ್ಧದ ಹೊತ್ತಿನಲ್ಲಿ ಭದ್ರವಾಗಿರಲಿ ಅಂತ ರಿಚ್ಮಂಡ್‌ಗೆ ಕಳಿಸಿದ್ದರು. 1865ರ ಏಪ್ರಿಲ್‌ನಲ್ಲಿ ರಿಚ್ಮಂಡೇ ಹೊತ್ತಿ ಉರಿಯಿತು. ಹ್ಯಾನೋವರ್, ಜೇಮ್ಸ್ ಸಿಟಿ ಕೌಂಟಿಗಳ ಪುಸ್ತಕಗಳ ಗತಿಯೂ ಇದೇ. ಇಂಥವನ್ನು ಅಲ್ಲಿನವರು ಸುಟ್ಟ ಕೌಂಟಿ ಅಂತಲೇ ಕರೆಯುತ್ತಾರೆ. ನಿಮ್ಮ ಕೌಂಟಿ ಸುಟ್ಟದ್ದೋ ಉಳಿದದ್ದೋ ಅಂತ ನೋಡಿಕೊಂಡೇ ಟಿಕೆಟ್ ತೆಗೀರಿ. ಒಂದು ಊರಿನ ಎಲ್ಲರ ಹಕ್ಕುಪತ್ರ ಒಂದೇ ರಾತ್ರಿ ಬೂದಿಯಾಯಿತಲ್ಲ ಅಂತ ನನಗೆ ಅವತ್ತು ಊಟ ಸೇರಲಿಲ್ಲ.

ಆದರೆ ಈಸ್ಟರ್ನ್ ಶೋರ್ ಉಳಿದಿದೆ. ಆ ಸೀನಿಯರ್, ಜೂನಿಯರ್ ಇಬ್ಬರ ಪತ್ರ ಕೊನೆಗೆ ನಮಗೆ ಸಿಕ್ಕಿದ್ದೂ ಅಲ್ಲೇ. ಚೆಸಪೀಕ್ ಕೊಲ್ಲಿಯ ಆಚೆ ಇರುವ ಕಿರಿದಾದ ನೆಲದ ಪಟ್ಟಿ ಅದು. ವರ್ಜೀನಿಯಾ ಬೀಚ್ ಕಡೆಯಿಂದ ಸುಮಾರು 28 ಕಿ.ಮೀ. ಉದ್ದದ ಸೇತುವೆ, ಸುರಂಗ ದಾಟಿ ಹೋಗಬೇಕು. ಟೋಲ್ ಜಾಸ್ತಿ, ತಯಾರಾಗಿರಿ. ಅಲ್ಲಿ ಎರಡು ಕೌಂಟಿಗಳು: ನಾರ್ಥಾಂಪ್ಟನ್, ಅಕೋಮ್ಯಾಕ್. 1663ಕ್ಕೆ ಮೊದಲು ಎರಡೂ ಒಂದೇ ಆಗಿದ್ದವು. ಆದ್ದರಿಂದ ನಿಮ್ಮವರು ಅಕೋಮ್ಯಾಕ್‌ನವರಾದರೂ ಅದಕ್ಕಿಂತ ಹಿಂದಿನದನ್ನು ನಾರ್ಥಾಂಪ್ಟನ್‌ನ ಈಸ್ಟ್‌ವಿಲ್‌ನಲ್ಲೇ ಹುಡುಕಬೇಕು. ಈಸ್ಟ್‌ವಿಲ್‌ನಲ್ಲಿ 1632ರಿಂದ ಕೋರ್ಟಿನ ದಾಖಲೆ ತುಂಡಾಗದೆ ಉಳಿದಿದೆ. ಇಡೀ ಅಮೆರಿಕದಲ್ಲಿ ಇಷ್ಟು ಹಳೆಯ, ಇಷ್ಟು ನಿರಂತರವಾದ ಕೌಂಟಿ ದಾಖಲೆ ಬೇರೆ ಇಲ್ಲ.

ಜುಲೈ ಕೊನೆಯ ವಾರ ಮಾತ್ರ ಹೋಗಬೇಡಿ. ಪ್ರತಿ ವರ್ಷ ಆ ವಾರ ಉತ್ತರದ ಚಿಂಕೋಟೀಗ್ ದ್ವೀಪದಲ್ಲಿ ಕಾಡು ಕುದುರೆಗಳನ್ನು ನೀರಿನಲ್ಲಿ ಈಜಿಸಿ ಹರಾಜು ಹಾಕುತ್ತಾರೆ. ಜನ ಜಾತ್ರೆ. ನನಗೆ ಮೊದಲೇ ಗದ್ದಲ ಆಗುವುದಿಲ್ಲ. ಸುತ್ತಮುತ್ತ ಎಲ್ಲೂ ರೂಮಿರಲಿಲ್ಲ. ಹೆದ್ದಾರಿ ಪಕ್ಕದ ಒಂದು ಮೋಟೆಲಿನಲ್ಲಿ ರಾತ್ರಿಗೆ 289 ಡಾಲರ್ ಕಿತ್ತುಕೊಂಡರು. ಕಾರ್ಪೆಟ್ ಒದ್ದೆ, ಮುಗ್ಗಲು ವಾಸನೆ, ಬಾಗಿಲ ಚಿಲಕ ಸಡಿಲ. ಚಿಲಕಕ್ಕೆ ಕುರ್ಚಿ ಒತ್ತರಿಸಿ ಮಲಗಿದೆವು. ಹಿಂದಿನ ವಾರ ಅದೇ ರೂಮು 95 ಡಾಲರ್ ಅಂತ ಆಮೇಲೆ ತಿಳಿಯಿತು. ಸೆಪ್ಟೆಂಬರ್ ಕೊನೆಗೆ ಹೋಗಿ. ತಂಪೂ ಇರುತ್ತದೆ, ಖಾಲಿಯೂ ಇರುತ್ತದೆ.

ಈಸ್ಟ್‌ವಿಲ್ ನಮ್ಮ ಕಡೆಯ ಹೋಬಳಿಗಿಂತ ಚಿಕ್ಕದು. 1730ರ ದಶಕದ ಇಟ್ಟಿಗೆಯ ಹಳೇ ಕೋರ್ಟು, ಸಾಲಗಾರರನ್ನು ಕೂಡಿಹಾಕುತ್ತಿದ್ದ ಜೈಲು ಇನ್ನೂ ನಿಂತಿವೆ. ಪುಸ್ತಕಗಳು ಈಗಿನ ಕ್ಲರ್ಕ್ ಕಚೇರಿಯಲ್ಲಿವೆ. ಪೆನ್ನು ಬ್ಯಾಗಿನಲ್ಲೇ ಇಡಿ, ಪೆನ್ಸಿಲ್ ತಗೊಂಡು ಹೋಗಿ. ಪ್ರತಿಗೆ ಪುಟಕ್ಕೆ ಅರ್ಧ ಡಾಲರ್. ಬೇಕೆನಿಸಿದ್ದಕ್ಕೆಲ್ಲ ತೆಗೆಸಿಕೊಳ್ಳಿ, ಅಲ್ಲಿ ಜಿಪುಣತನ ಬೇಡ. ಮೊದಲು ಸೂಚಿಯಲ್ಲಿ ಕೊಟ್ಟವರ ಪಟ್ಟಿ, ಕೊಂಡವರ ಪಟ್ಟಿ ಎರಡನ್ನೂ ನೋಡಬೇಕು. ಅಕ್ಷರ ಕಷ್ಟ. ಉದ್ದನೆಯ 'ಎಸ್' ಅನ್ನುವುದು 'ಎಫ್' ಥರ ಕಾಣುತ್ತದೆ. ಅರ್ಧ ದಿನದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ.

ಮೊದಲು ಸಿಕ್ಕಿದ್ದು 1740ರ ದಶಕದ ವಿಲ್ಲು. ಸೀನಿಯರ್ ಬರೆಸಿದ್ದು. ಹೆಂಡತಿಗೆ ಜೀವನಪರ್ಯಂತ ಜಮೀನು, ಅವಳ ನಂತರ "ನನ್ನ ಕಸಿನ್" ಜೂನಿಯರ್‌ಗೆ. ಸೊಸೆ, "ಅಮ್ಮ, ಹಾಗಾದ್ರೆ ಮಗ ಅಲ್ವಾ?" ಅಂದಳು. ಅಲ್ಲ. ಆ ಕಾಲದಲ್ಲಿ ಒಬ್ಬ ತನ್ನ ಕಸಿನ್ ಅಂದರೆ ಬಹಳ ಸಲ ತನ್ನ ಒಡಹುಟ್ಟಿದವರ ಮಕ್ಕಳು ಅಂತ ಅರ್ಥ. ಮಲಮಗನಿಗೆ ಸನ್-ಇನ್-ಲಾ ಅನ್ನುತ್ತಿದ್ದರು, ನಾವು ಅಳಿಯ ಅಂದುಕೊಂಡುಬಿಡುತ್ತೇವೆ. "ಈಗಿನ ಹೆಂಡತಿ" ಅಂತ ಇದ್ದರೆ ಹಿಂದೆ ಒಬ್ಬಳಿದ್ದಳು ಅಂತಲೇ ಅರ್ಥ ಅಲ್ಲ. ದಾಖಲೆಯ ಮಾತನ್ನು ದಾಖಲೆಯ ಕಾಲದಲ್ಲಿಟ್ಟು ಓದಬೇಕು.

ಕಸಿನ್ ಅನ್ನುವ ಒಂದೇ ಪದ ನಂಬಿಕೊಂಡು ನಾನು ಒಪ್ಪುವವಳಲ್ಲ. ಪತ್ರದ ಪುಸ್ತಕ ಹಿಡಿದೆವು. ಎರಡನೇ ದಿನ ಮಧ್ಯಾಹ್ನ ಸಿಕ್ಕಿತು. ಒಬ್ಬ ತಂದೆ ತನ್ನ ಮಗ ಜೂನಿಯರ್‌ಗೆ "ಸಹಜ ಪ್ರೀತಿ ವಿಶ್ವಾಸದಿಂದ", ಐದು ಶಿಲ್ಲಿಂಗ್‌ಗೆ 100 ಎಕರೆ ಕೊಟ್ಟ ಪತ್ರ. ಇದು ನಮ್ಮ ದಾನಪತ್ರವೇ! ಪ್ರೀತಿ ವಿಶ್ವಾಸ ಅನ್ನುವ ಅದೇ ಮಾತನ್ನು ನಾನು ಮೂವತ್ತೊಂದು ವರ್ಷ ನೋಂದಾಯಿಸಿದ್ದೇನೆ. ಕೆಳಗೆ ಚಕ್ಕುಬಂದಿ ಇತ್ತು. ಹೊಳೆಯ ಪಕ್ಕದ ಗುರುತು ಹಾಕಿದ ಬಿಳಿ ಓಕ್ ಮರದಿಂದ ಶುರುವಾಗಿ, ಇಷ್ಟು ಪೋಲ್ (ಆಗಿನ ಉದ್ದದ ಅಳತೆ) ಹೋಗಿ, "ನನ್ನ ಬ್ರದರ್" ಸೀನಿಯರ್‌ನ ಜಮೀನಿನ ಮೂಲೆಗೆ. ಅಲ್ಲಿಗೆ ಮುಗಿಯಿತು. ಸೀನಿಯರ್ ಜೂನಿಯರ್‌ನ ತಂದೆಯ ಒಡಹುಟ್ಟಿದವನು. ಅಣ್ಣನೋ ತಮ್ಮನೋ ಇಂಗ್ಲಿಷಿನಲ್ಲಿ ಗೊತ್ತಾಗುವುದಿಲ್ಲ, ಅದೊಂದು ಉಳಿಯಿತು. ತಂದೆ ರುಜು ಹಾಕುವ ಕಡೆ ನಮ್ಮ ಹೆಬ್ಬೆಟ್ಟಿನ ಹಾಗೆ ಒಂದು ಅಡ್ಡ ಗುರುತು.

ಅದರ ಕೆಳಗಿನ ನಾಲ್ಕು ಸಾಲು ಬಿಡಬೇಡಿ. ಗಂಡನ ಜಮೀನಿನ ಮೂರನೇ ಒಂದು ಭಾಗದ ಮೇಲೆ ವಿಧವೆಗೆ ಜೀವನಪರ್ಯಂತ ಹಕ್ಕಿತ್ತು. ಆದ್ದರಿಂದ ಗಂಡ ಜಮೀನು ಕೊಡುವಾಗ ನ್ಯಾಯಾಧಿಕಾರಿಗಳು ಹೆಂಡತಿಯನ್ನು ಒಬ್ಬಳನ್ನೇ ಕರೆದು, ಗಂಡ ಇಲ್ಲದ ಕಡೆ, ನಿನಗೆ ಒಪ್ಪಿಗೆ ಇದೆಯಾ ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ನಾವು ನೋಡಿದ ಬೇರೆ ಯಾವ ಕಾಗದದಲ್ಲೂ ಇಲ್ಲದ ಜೂನಿಯರ್‌ನ ತಾಯಿಯ ಹೆಸರು ಆ ಸಾಲುಗಳಲ್ಲಿತ್ತು. ಸೊಸೆ ಆ ಹೆಸರನ್ನು ಮೂರು ಸಲ ಮೆಲ್ಲಗೆ ಓದಿದಳು. ಅವಳ ಏಳೆಂಟು ತಲೆಮಾರು ಹಿಂದಿನ ಅಜ್ಜಿ.

ಇನ್ನೆರಡು ಕಡೆ ಎಡವಬೇಡಿ. ವರ್ಜೀನಿಯಾದಲ್ಲಿ 1785ರ ಕಾನೂನು ಬರುವವರೆಗೆ, ವಿಲ್ಲಿಲ್ಲದೆ ಸತ್ತರೆ ಜಮೀನೆಲ್ಲ ಹಿರಿಯ ಮಗನಿಗೆ. ವಿಲ್ಲು ಇದ್ದರೂ ಹಿರಿಯ ಮಗನ ಹೆಸರು ಎಷ್ಟೋ ಕಡೆ ಇರುವುದಿಲ್ಲ, ಇಲ್ಲವೇ ಅವನಿಗೆ ಒಂದು ಶಿಲ್ಲಿಂಗ್ ಮಾತ್ರ ಬರೆದಿರುತ್ತಾರೆ. ಅಪ್ಪ ಮುನಿಸಿಕೊಂಡ ಅಂದುಕೊಳ್ಳಬೇಡಿ. ಅವನ ಪಾಲು ಮೊದಲೇ ಸಂದಿರಬಹುದು, ದಾನಪತ್ರ ಹುಡುಕಿ. ಇನ್ನೊಂದು, 1752ಕ್ಕೆ ಮೊದಲು ಅವರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1720ರ ಡಿಸೆಂಬರ್‌ನಲ್ಲಿ ಬರೆದ ವಿಲ್ಲು 1720ರ ಜನವರಿಯಲ್ಲಿ ಕೋರ್ಟಿಗೆ ಬಂತು ಅಂತ ಇದ್ದರೆ ತಪ್ಪಲ್ಲ, ಆ ಜನವರಿ ಡಿಸೆಂಬರ್ ಆದಮೇಲಿನದು.

ಸೀನಿಯರ್‌ನ ಆಸ್ತಿ ಪಟ್ಟಿ ನೋಡುವಾಗ ನಮ್ಮಿಬ್ಬರಿಗೂ ಮಾತು ಹೊರಡಲಿಲ್ಲ. ಹಸು, ಮಂಚ, ತಾಮ್ರದ ಪಾತ್ರೆ, ಅದೇ ಸಾಲಿನಲ್ಲಿ ಮನುಷ್ಯರು. ಬರೀ ಹೆಸರು, ಮುಂದೆ ಬೆಲೆ. ಒಬ್ಬ ತಾಯಿ, ಅವಳ ಇಬ್ಬರು ಮಕ್ಕಳು. ವರ್ಜೀನಿಯಾದ 1662ರ ಕಾನೂನು ಪ್ರಕಾರ ತಾಯಿ ಗುಲಾಮಳಾದರೆ ಮಗುವೂ ಗುಲಾಮ. 1705ರಲ್ಲಿ ಗುಲಾಮರನ್ನು ಸ್ಥಿರಾಸ್ತಿ ಅಂತಲೇ ಮಾಡಿದರು, ಜಮೀನಿನ ಥರ. ಹಾಗಾಗಿ ಅವರ ಹೆಸರುಗಳು ಯಜಮಾನರ ಪತ್ರ, ವಿಲ್ಲುಗಳಲ್ಲೇ ಉಳಿದಿವೆ. ಸೊಸೆ ಪ್ರತಿಯೊಂದು ಹೆಸರನ್ನೂ ಬರೆದುಕೊಂಡಳು. ನೀವೂ ಬರೆದುಕೊಳ್ಳಿ, ನಿಮ್ಮ ವಂಶದ ಕಾಗದದ ಜೊತೆಗೇ ಪ್ರಕಟಿಸಿ. ಅವರ ಮೊಮ್ಮಕ್ಕಳ ಮಕ್ಕಳು ಇಂಥ ಒಂದು ಸಾಲಿಗಾಗಿ ವರ್ಷಗಟ್ಟಲೆ ಹುಡುಕುತ್ತಿದ್ದಾರೆ.

ಇದೇ ತೀರದಲ್ಲಿ ಆಂಟನಿ ಜಾನ್ಸನ್ ಇದ್ದ. 1621ರಲ್ಲಿ ವರ್ಜೀನಿಯಾಕ್ಕೆ ತಂದ ಆಫ್ರಿಕದವನು. ಆಮೇಲೆ ಸ್ವತಂತ್ರನಾಗಿ 1651ರಲ್ಲಿ 250 ಎಕರೆ ಪಡೆದ. ಮುಂದೆ ಕುಟುಂಬ ಪಕ್ಕದ ಮೇರಿಲ್ಯಾಂಡ್‌ಗೆ ಹೋಯಿತು. 1670ರಲ್ಲಿ, ಕಪ್ಪು ಮನುಷ್ಯನಾದ್ದರಿಂದ ಅವನು ಪರದೇಶಿ ಅಂತ ಹೇಳಿ ವರ್ಜೀನಿಯಾದ ಜೂರಿ ಆ ಜಮೀನು ರಾಜನಿಗೆ ಸೇರಿದ್ದು ಅಂದಿತು. 1677ರಲ್ಲಿ ಅವನ ಮೊಮ್ಮಗ ಮೇರಿಲ್ಯಾಂಡಿನಲ್ಲಿ 44 ಎಕರೆ ಕೊಂಡು ಅದಕ್ಕೆ ಅಂಗೋಲಾ ಅಂತ ಹೆಸರಿಟ್ಟ. ಮೂರು ತಲೆಮಾರನ್ನು ನಾವು ಜಮೀನಿನ ಕಾಗದದಿಂದಲೇ ಬಲ್ಲೆವು. ಮೇರಿಲ್ಯಾಂಡಿನಲ್ಲಿ ಜಮೀನುಗಳಿಗೆ ಹೀಗೆ ಹೆಸರಿಡುತ್ತಿದ್ದರು. ಅಲ್ಲಿ ಹುಡುಕುವವರು ಮನುಷ್ಯನ ಹೆಸರಿಗಿಂತ ಜಮೀನಿನ ಹೆಸರು ಹಿಡಿದು ಹೋಗುವುದು ಸುಲಭ.

ಊಟದ ವಿಷಯ ಹೇಳಲೇಬೇಕು. ನಾನು ಸಸ್ಯಾಹಾರಿ, ಆ ತೀರದಲ್ಲಿ ಎಲ್ಲಿ ನೋಡಿದರೂ ಏಡಿ, ಮೀನು. ಹೊಲಗಳಲ್ಲಿ ದುಡಿಯೋಕೆ ಬಂದ ಮೆಕ್ಸಿಕೋದವರು ಹೆದ್ದಾರಿ ಪಕ್ಕ ಚಿಕ್ಕ ಚಿಕ್ಕ ಹೋಟೆಲುಗಳನ್ನು ಇಟ್ಟಿದ್ದಾರೆ. ಅಂಥ ಒಂದು ಜಾಗ, ಐದೇ ಟೇಬಲ್, ಗೋಡೆಗೆ ಹಳದಿ ಬಣ್ಣ. ಕಣ್ಣೆದುರೇ ಹಿಟ್ಟು ತಟ್ಟಿ ಬೇಯಿಸಿದ ಮೆಕ್ಕೆಜೋಳದ ರೊಟ್ಟಿ, ಕಪ್ಪು ಅವರೆಯಂಥ ಕಾಳಿನ ಪಲ್ಯ, ಕೆಂಪನ್ನ, ಸುಟ್ಟ ಹಸಿಮೆಣಸಿನಕಾಯಿ ಹಾಕಿ ಅರೆದ ಚಟ್ನಿ. ಆ ಚಟ್ನಿಗೆ ನಮ್ಮಮ್ಮ ಒಲೆ ಕೆಂಡದಲ್ಲಿ ಮೆಣಸಿನಕಾಯಿ ಸುಟ್ಟು ಮಾಡುತ್ತಿದ್ದ ಚಟ್ನಿಯದೇ ಘಾಟು. ಒಬ್ಬರಿಗೆ ಒಂಬತ್ತು ಡಾಲರ್, ಹೊಟ್ಟೆ ತುಂಬಿ ಮಿಗುತ್ತದೆ. ಕಾಳಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಮಾತ್ರ ಮೊದಲೇ ಕೇಳಿ. ನಾವು ಕೇಳಿದಾಗ ಆಕೆ ಒಳಗೆ ಹೋಗಿ ಬೇರೆ ಪಾತ್ರೆಯಲ್ಲಿ ಎಣ್ಣೆ ಹಾಕಿ ಮಾಡಿಕೊಟ್ಟಳು. ಮೂರು ದಿನವೂ ಅಲ್ಲೇ ತಿಂದೆವು. ಮೂರನೇ ದಿನ ಆಕೆ ನಾವು ಕೂರುವ ಮೊದಲೇ ಚಟ್ನಿ ತಂದಿಟ್ಟಳು.

ಆ ಟೇಬಲ್ ಮೇಲೇ ದಾನಪತ್ರದ ನಕ್ಷೆ ಎಳೆದೆವು. ಕೋನಮಾಪಕ, ಚೌಕುಳಿ ಹಾಳೆ ಎರಡನ್ನೂ ತಪ್ಪದೆ ಒಯ್ಯಿರಿ. ಒಂದು ಪೋಲ್ ಅಂದರೆ ಹದಿನಾರೂವರೆ ಅಡಿ, 160 ಚದರ ಪೋಲ್ ಒಂದು ಎಕರೆ. ನಮ್ಮ ಗುಂಟೆ 33 ಅಡಿಗೆ 33 ಅಡಿ. ಅಂದರೆ ಸರಿಯಾಗಿ ನಾಲ್ಕು ಚದರ ಪೋಲ್! ಅದು ಹೊಳೆದ ಮೇಲೆ ನನಗೆ ಆ ಜಮೀನು ಕಣ್ಣಿಗೆ ಕಟ್ಟಿತು. ಪಕ್ಕದವರ ಪತ್ರಗಳಿಗೂ ಹೀಗೇ ನಕ್ಷೆ ಎಳೆದು ಕತ್ತರಿಸಿ ಜೋಡಿಸಿದರೆ ಯಾರ ಪಕ್ಕ ಯಾರಿದ್ದರು ಅಂತ ಕಾಣುತ್ತದೆ. ಹೆಣ್ಣು ಕೊಡುವುದು ತರುವುದು ಬಹಳ ಮಟ್ಟಿಗೆ ಆ ಪಕ್ಕದ ಮನೆಗಳಲ್ಲೇ. ಸಾಕ್ಷಿ ಹಾಕಿದವರೂ ಅವರೇ.

ಕೊನೆಯ ಗೆರೆ ಮತ್ತೆ ಬಿಳಿ ಓಕ್ ಮರಕ್ಕೆ ಬಂದು ಸೇರಬೇಕು. ನಮ್ಮದು ಆರು ಪೋಲ್ ದೂರ ನಿಂತಿತು. ಪುಸ್ತಕದಲ್ಲಿ ಇರುವುದು ಮೂಲ ಪತ್ರವಲ್ಲ, ಗುಮಾಸ್ತ ನೋಡಿ ಬರೆದ ನಕಲು. ಅವನು ಒಂದು ಅಂಕಿ ತಪ್ಪಿರಬಹುದು. ಸೀನಿಯರ್‌ನ ಜಮೀನಿನ ಪತ್ರ ಸಿಕ್ಕರೆ ಆ ಮೂಲೆಯಿಂದ ಸರಿ ಮಾಡಬಹುದು. ಅದಕ್ಕೆ ಸೆಪ್ಟೆಂಬರಿನಲ್ಲಿ ಮತ್ತೆ ಹೋಗುತ್ತಿದ್ದೇವೆ, ಈ ಸಲ ರೈಲಿನಲ್ಲಿ.