ಯಾವ ಚಾಕು ತಗೊಳ್ಳಲಿ ಅಂತ ಕೇಳುವವರಿಗೆ

"ಜಾಸ್ತಿ ಏನೂ ಬೇಡ, ಒಂದೇ ಒಂದು ಹೆಸರು ಹೇಳಿ ಸಾಕು."

ಪ್ರಶ್ನೆ ಯಾವಾಗಲೂ ಹೀಗೇ ಬರುತ್ತದೆ. ಜೇಬಿನಲ್ಲಿ ದಿನಾ ಇಟ್ಟುಕೊಂಡು ಓಡಾಡಲು ಮಡಚುವ ಚಿಕ್ಕ ಚಾಕು ಬೇಕು, ದುಡ್ಡು ಎಷ್ಟಾದರೂ ಚಿಂತೆಯಿಲ್ಲ, ಒಳ್ಳೆಯದೇ ಆಗಬೇಕು, ಯಾವುದು ಬೆಸ್ಟ್? ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಓದಿ ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ಮೊದಲು ಕೇಳಿದ್ದಕ್ಕೆ ಉತ್ತರ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದೆ ಓದುವುದಿಲ್ಲ. ದುಬಾರಿ ಚಿಕ್ಕ ಚಾಕುಗಳ ಮಾತು ಬಂದಾಗ ಸುತ್ತಿ ಸುತ್ತಿ ಬರುವ ಹೆಸರು ಮೂರು. ಕ್ರಿಸ್ ರೀವ್ ಕಂಪನಿಯ ಸ್ಮಾಲ್ ಸೆಬೆನ್ಜಾ 31, ಸ್ಪೈಡರ್ಕೋ ಪ್ಯಾರಾ 3, ಬೆಂಚ್‌ಮೇಡ್ ಮಿನಿ ಬಗೌಟ್. ಅಲಗಿನ ಉದ್ದ ಮೂರರದ್ದೂ ಹೆಚ್ಚುಕಡಿಮೆ ಒಂದೇ, 72ರಿಂದ 76 ಮಿಲಿಮೀಟರ್ ಒಳಗೆ. ವ್ಯತ್ಯಾಸ ಇರುವುದು ತೂಕದಲ್ಲಿ. ಮಿನಿ ಬಗೌಟ್ ಸುಮಾರು 43 ಗ್ರಾಂ, ಸೆಬೆನ್ಜಾ 85ರ ಆಸುಪಾಸು, ಗಾಜಿನ ನಾರು, ಅಂಟು ಸೇರಿಸಿ ಮಾಡಿದ ಜಿ10 ಹಿಡಿಯ ಪ್ಯಾರಾ 3 ಅದಕ್ಕೂ ಜಾಸ್ತಿ, 96. ದಪ್ಪ ಜೀನ್ಸ್ ಹಾಕುವವರಿಗೆ ಇದೇನೂ ಗೊತ್ತಾಗುವುದಿಲ್ಲ. ತೆಳು ಬಟ್ಟೆಯ ಪ್ಯಾಂಟ್ ಹಾಕಿ ಮೆಟ್ಟಿಲು ಹತ್ತಿ ನೋಡಿ, ತೊಡೆಗೆ ಬಡಿಯುವ ಒಂದೊಂದು ಗ್ರಾಮೂ ಲೆಕ್ಕಕ್ಕೆ ಸಿಗುತ್ತದೆ.

ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿಯುವ ಲಾಕ್ ಮೂರರಲ್ಲೂ ಬೇರೆ ಬೇರೆ. ಸೆಬೆನ್ಜಾದಲ್ಲಿ ಟೈಟೇನಿಯಂ ಹಿಡಿಯದೇ ಒಂದು ಭಾಗ ಒಳಗೆ ಬಾಗಿ ಅಲಗಿನ ಹಿಂದೆ ಕೂರುತ್ತದೆ, ಅದು ಅಲಗಿಗೆ ತಾಗುವ ಜಾಗದಲ್ಲಿ ಸೆರಾಮಿಕ್‌ನ ಪುಟ್ಟ ಗುಂಡು ಇದೆ. ಗಟ್ಟಿ ಲಾಕ್, ಒಪ್ಪಿದೆ. ಆದರೆ ಮುಚ್ಚುವಾಗ ನಿಮ್ಮ ಹೆಬ್ಬೆರಳು ಅಲಗು ಬರುವ ದಾರಿಯಲ್ಲೇ ಇರುತ್ತದೆ, ಸರಿಯಾದ ಹೊತ್ತಿಗೆ ತೆಗೆಯಬೇಕು. ಪ್ಯಾರಾ 3ರ ಲಾಕ್ ಹಿಡಿಯ ಬೆನ್ನಿನ ಕಡೆ ಇದೆ, ಬೆರಳು ಆ ದಾರಿಗೆ ಹೋಗುವುದೇ ಇಲ್ಲ. ಬಗೌಟ್‌ನಲ್ಲಿ ಅಡ್ಡಕ್ಕೆ ಒಂದು ಕಡ್ಡಿ, ಅದನ್ನು ಎರಡೂ ಕಡೆಯಿಂದ ಹಿಂದಕ್ಕೆ ಎಳೆದರೆ ಅಲಗು ಸಡಿಲವಾಗುತ್ತದೆ. ಎಡಗೈಯವರಿಗೆ ಇದಕ್ಕಿಂತ ಸಲೀಸಾದದ್ದಿಲ್ಲ. ಅದರ ಪ್ಲಾಸ್ಟಿಕ್ ಹಿಡಿ ಜೋರಾಗಿ ಹಿಚುಕಿದರೆ ಸ್ವಲ್ಪ ಬಾಗುತ್ತದೆ ಅಂತ ಜನ ಗೋಳಾಡುತ್ತಾರೆ. ಬಾಗುತ್ತದೆ ನಿಜ. ಚಾಕು ಹಿಡಿದು ಹಿಡಿಯನ್ನು ಹಿಚುಕುತ್ತಾ ಕೂರುವ ಕೆಲಸ ಯಾವುದು ಅಂತ ನನಗೆ ಇನ್ನೂ ಯಾರೂ ಹೇಳಿಲ್ಲ.

ಮೂರೂ ಲಾಕ್ ಆಗುವ ಚಾಕುಗಳೇ. ಹಾಗಾಗಿ ಊರು ಬಿಟ್ಟು ಹೋಗುವಾಗ ಅಲ್ಲಿನ ಕಾನೂನು ನೋಡಿಕೊಳ್ಳಿ. ಬ್ರಿಟನ್‌ನಲ್ಲಿ ಕಾರಣ ಕೊಡದೆ ಜೇಬಲ್ಲಿ ಇಟ್ಟುಕೊಳ್ಳಬಹುದಾದದ್ದು 3 ಇಂಚಿನೊಳಗಿನ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಅಂದರೆ ಈ ಮೂರರಲ್ಲಿ ಒಂದೂ ನಡೆಯುವುದಿಲ್ಲ. ವಿಮಾನಕ್ಕೆ ಕೈಚೀಲದಲ್ಲಿ ಒಯ್ಯುವ ಯೋಚನೆಯಂತೂ ಬಿಟ್ಟುಬಿಡಿ.

ಆಯ್ತಲ್ಲ, ಹೆಸರು ಸಿಕ್ಕಿತು. ಈಗ ಎರಡನೇ ಪ್ರಶ್ನೆ ಬರುತ್ತದೆ ಅಂತ ನನಗೆ ಗೊತ್ತು. "ಅದೆಲ್ಲ ಸರಿ, ಸ್ಟೀಲ್ ಯಾವುದು ಬೆಸ್ಟ್?" ಕೆಲವರು ಯಾವುದೋ ಚಾರ್ಟ್ ಕೂಡ ಕಳಿಸುತ್ತಾರೆ, ಅದರಲ್ಲಿ ಕೆಂಪು ಗೆರೆ ಹಸಿರು ಗೆರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಒಬ್ಬರ ಕತೆ ಹೇಳುತ್ತೇನೆ. ಹೆಸರು ಬೇಡ. ಒಂದು ದಿನ ಮನೆಗೆ ಬಂದು ಮೇಜಿನ ಮೇಲೆ ತಮ್ಮ ಚಾಕು ಇಟ್ಟರು. ಟೈಟೇನಿಯಂ ಹಿಡಿ, ಅಲಗಿನ ಮೇಲೆ ಸ್ಟೀಲಿನ ಹೆಸರು ಕೊರೆದಿದೆ, ಒಂದು ಗೀರಿಲ್ಲ. "ಸ್ಟೀಲ್ ಸರಿ ಇಲ್ಲ ಅನ್ಸುತ್ತೆ ಸರ್, ಇಷ್ಟು ದುಡ್ಡು ಕೊಟ್ಟಿದ್ದಕ್ಕೆ ಪೇಪರ್ ಕೂಡ ಕತ್ತರಿಸಲ್ಲ" ಅಂದರು. ನಾನು ಅಂಚನ್ನು ಮೇಲೆ ಮಾಡಿ ದೀಪದ ಕೆಳಗೆ ಹಿಡಿದೆ. ಹರಿತವಾದ ಅಂಚು ಬೆಳಕಿಗೆ ಕಾಣುವುದೇ ಇಲ್ಲ, ಮೊಂಡಾದದ್ದು ಬಿಳಿ ಗೆರೆಯಾಗಿ ಹೊಳೆಯುತ್ತದೆ. ಇವರದ್ದು ಹಿಡಿಯಿಂದ ತುದಿಯವರೆಗೆ ಹೊಳೆಯುತ್ತಿತ್ತು. ಯಾವಾಗ ಮಸೆದಿದ್ದು ಅಂತ ಕೇಳಿದೆ. ಅವರು ನನ್ನನ್ನೇ ಒಂಥರಾ ನೋಡಿದರು. "ಮಸೆಯೋದಾ? ಒಳ್ಳೆ ಸ್ಟೀಲ್ ಅಲ್ವಾ ಸರ್ ಇದು?"

ಮಾತು ಬೆಳೆಸಲಿಲ್ಲ. ಡೈಮಂಡ್ ಕಲ್ಲು ತೆಗೆದೆ. ಅಂಚಿನ ಉದ್ದಕ್ಕೂ ಕಪ್ಪು ಮಾರ್ಕರ್ ಬಳಿದು ಕಲ್ಲಿನ ಮೇಲೆ ಒಂದು ಸಲ ಎಳೆದೆ. ಮಸಿ ಮೇಲ್ಗಡೆ ಮಾತ್ರ ಹೋಯಿತು, ಅಂಚಿನ ತುದಿಯಲ್ಲಿ ಹಾಗೇ ಉಳಿಯಿತು, ಅಂದರೆ ಅಲಗನ್ನು ಇನ್ನು ಸ್ವಲ್ಪ ಎತ್ತಿ ಹಿಡಿಯಬೇಕು. ಎತ್ತಿದೆ. ಈಗ ಮಸಿ ಪೂರ್ತಿ ಹೋಯಿತು. ಅದೇ ಕೋನದಲ್ಲಿ ಒಂದು ಕಡೆ ಎಳೆಯುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಆಚೆ ಬದಿಯಲ್ಲಿ ಸಣ್ಣ ಸಿಬಿರು ಏಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬೆನ್ನಿನಿಂದ ಅಂಚಿನ ಕಡೆಗೆ ಬೆರಳು ಸವರಿದರೆ ತಡೆಯುತ್ತದೆ. ಸಿಬಿರು ಎದ್ದಿತು ಅಂದರೆ ಆ ಕಡೆ ಮುಗಿಯಿತು, ಮಗ್ಗುಲು ಬದಲಿಸಬೇಕು. ಆಮೇಲೆ ಒತ್ತಡ ಕಡಿಮೆ ಮಾಡಿ ಸಿಬಿರು ತೆಗೆಯಬೇಕು. ಅಷ್ಟೇ ವಿದ್ಯೆ. ಕಾಗದ ಹಿಡಿದು ಎಳೆದೆ, ಸದ್ದಿಲ್ಲದೆ ಸೀಳಿತು.

ಅವರು ಖುಷಿಯಾದರು. ಚಾಕು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ಸರ್, ಇದಕ್ಕಿಂತ ಮೇಲಿನ ಸ್ಟೀಲ್ ಯಾವುದು?"

ಇಂಥವರಿಗೆ ನಾನು ಏನು ಹೇಳಲಿ? ಸ್ಟೀಲ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮ್ಯಾಗ್ನಾಕಟ್ ನಿಜಕ್ಕೂ ಒಳ್ಳೆಯ ಸ್ಟೀಲ್. ಲ್ಯಾರಿನ್ ಥಾಮಸ್ ಅನ್ನುವ ಲೋಹಶಾಸ್ತ್ರಜ್ಞ ರೂಪಿಸಿದ್ದು, 2021ರಲ್ಲಿ ಬಂತು. ಬೇರೆ ಸ್ಟೇನ್‌ಲೆಸ್ ಸ್ಟೀಲುಗಳಲ್ಲಿ ಕ್ರೋಮಿಯಂನ ಒಂದು ಪಾಲು ಕಾರ್ಬನ್ ಜೊತೆ ಸೇರಿ ಗಟ್ಟಿ ಕಣಗಳಾಗಿ ಕೂತುಬಿಡುತ್ತದೆ, ತುಕ್ಕು ತಡೆಯುವ ಕೆಲಸಕ್ಕೆ ಆ ಪಾಲು ಸಿಗುವುದಿಲ್ಲ. ಇದರಲ್ಲಿ ಹಾಗೆ ಆಗದಂತೆ ಮಾಡಿದ್ದಾರೆ. ಅದಕ್ಕೇ ಕ್ರೋಮಿಯಂ ಕಡಿಮೆಯಿದ್ದರೂ ತುಕ್ಕು ಹತ್ತಿರ ಸುಳಿಯುವುದಿಲ್ಲ. ಬೆವರಿನ ಜೇಬಿನವರಿಗೆ ಇದು ಲಾಭವೇ. ಆದರೆ ಎಸ್30ವಿ ಅನ್ನುವ ಇನ್ನೊಂದು ಸ್ಟೀಲ್ ಇರಲಿ, ಮ್ಯಾಗ್ನಾಕಟ್ ಇರಲಿ, ಎರಡರಲ್ಲೂ ಸುಮಾರು 4% ವನೇಡಿಯಂ ಅನ್ನುವ ಲೋಹ ಇದೆ. ಅದರಿಂದ ಆಗುವ ಕಣಗಳು ಮಾಮೂಲಿ ಸಾಣೆಕಲ್ಲಿನ ಅಲ್ಯುಮಿನಿಯಂ ಆಕ್ಸೈಡ್‌ಗಿಂತ ಗಟ್ಟಿ. ಬೇಗ ಮೊಂಡಾಗದಿರುವುದಕ್ಕೆ ಕಾರಣ ಅದೇ, ಮೊಂಡಾದ ಮೇಲೆ ಮಾಮೂಲಿ ಕಲ್ಲಿನಲ್ಲಿ ನಿಮ್ಮ ಕೈ ಸೋಲುವುದಕ್ಕೆ ಕಾರಣವೂ ಅದೇ. ಸ್ವಿಸ್ ಚಾಕು ಮಾಡುವ ವಿಕ್ಟೋರಿನಾಕ್ಸ್‌ನ ಅಲಗು ಗಡಸುತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 56ರ ಆಸುಪಾಸು, ಮೆತ್ತಗೆ. ಬೇಗ ಮೊಂಡಾಗುತ್ತದೆ, ಎಂಥ ಕಲ್ಲಿಗೆ ಉಜ್ಜಿದರೂ ಎರಡು ನಿಮಿಷಕ್ಕೆ ಹರಿತಕ್ಕೆ ಬರುತ್ತದೆ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಇನ್ನೊಂದು. ಇದು ಮೊಂಡಾದಾಗ ನಾನು ಏನು ಮಾಡಲಿ? ಇದನ್ನು ಒಬ್ಬರೂ ಕೇಳುವುದಿಲ್ಲ. ಎಲ್ಲರೂ ಚಾಕುಗಳನ್ನು ಹೋಲಿಸುವುದು ಡಬ್ಬಿಯಿಂದ ತೆಗೆದ ದಿನ. ಆ ದಿನ ಎಲ್ಲವೂ ಚೆನ್ನಾಗಿಯೇ ಕತ್ತರಿಸುತ್ತವೆ. ಜೇಬಲ್ಲಿ ತಿಂಗಳುಗಟ್ಟಲೆ ಓಡಾಡಿ, ರಟ್ಟಿನ ಡಬ್ಬಿ, ಪ್ಲಾಸ್ಟಿಕ್ ಪಟ್ಟಿ ಎಲ್ಲ ಕತ್ತರಿಸಿ ಸುಸ್ತಾದ ಮೇಲೆ ಹೋಲಿಸಿ ನೋಡಿ.

ಆಗ ಗೊತ್ತಾಗುವ ಇನ್ನೊಂದು ವಿಷಯ ದಪ್ಪ. ಮಿನಿ ಬಗೌಟ್‌ನ ಬೆನ್ನು ಸುಮಾರು 2.3 ಮಿಲಿಮೀಟರ್, ಸೆಬೆನ್ಜಾ 3, ಪ್ಯಾರಾ 3 ಅದಕ್ಕಿಂತಲೂ ದಪ್ಪ, 3.7ರ ಹತ್ತಿರ. ಒಂದು ಸೇಬು ತಗೊಂಡು ಅಡ್ಡಕ್ಕೆ ಕತ್ತರಿಸಿ. ತೆಳು ಅಲಗು ಸಲೀಸಾಗಿ ಇಳಿಯುತ್ತದೆ. ದಪ್ಪ ಅಲಗು ಅರ್ಧ ಇಳಿದು, ಆಮೇಲೆ ಬೆಣೆ ಹೊಡೆದ ಹಾಗೆ ಟಪ್ ಅಂತ ಸೇಬನ್ನು ಸೀಳುತ್ತದೆ. ಅದು ಕತ್ತರಿಸಿದ್ದಲ್ಲ, ಒಡೆದದ್ದು. ನ್ಯಾಯವಾಗಿ ಹೇಳಬೇಕೆಂದರೆ ಬೆನ್ನಿನ ದಪ್ಪವೇ ಎಲ್ಲ ಅಲ್ಲ. ಸೆಬೆನ್ಜಾದ ಅಲಗಿಗೆ ಎರಡೂ ಮಗ್ಗುಲಲ್ಲಿ ಒಳಬಾಗಿದ ಸಾಣೆ ಹಿಡಿದಿರುತ್ತಾರೆ, ಹಾಗಾಗಿ ಅಂಚಿನ ಹತ್ತಿರ ಅದು ತೆಳುವೇ. ಆದರೆ ದಪ್ಪ ರಟ್ಟಿನಲ್ಲಿ ಆಳಕ್ಕೆ ಇಳಿದಾಗ ಬೆನ್ನು ತಗಲಿಯೇ ತಗಲುತ್ತದೆ. ಫ್ರಾನ್ಸಿನ, ಮರದ ಹಿಡಿಯ ಮಡಚುವ ಚಾಕು ಒಪಿನೆಲ್ ನಂಬರ್ 8 ಗೊತ್ತಲ್ಲ? ಜೋಸೆಫ್ ಒಪಿನೆಲ್ 1890ರಲ್ಲಿ ಶುರು ಮಾಡಿದ ಚಾಕುವಿನ ವಂಶ, ಲಾಕ್ ಆಗುವ ಉಂಗುರ ಬಂದಿದ್ದು 1955ರಲ್ಲಿ. ಬೆನ್ನು 2 ಮಿಲಿಮೀಟರಿಗಿಂತ ತೆಳು. ಸೇಬಿನ ವಿಷಯದಲ್ಲಿ ಅದರ ಮುಂದೆ ಈ ಮೂರೂ ದುಬಾರಿ ಚಾಕುಗಳು ತಲೆ ತಗ್ಗಿಸಬೇಕು. ಬೆಲೆ ಹೇಳಿದರೆ ನೀವು ನನ್ನ ಮೇಲೆ ಸಿಟ್ಟಾಗುತ್ತೀರಿ.

ಹಾಗಾದರೆ ದುಬಾರಿಯದ್ದು ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳುತ್ತೀರಿ. ಇಷ್ಟ, ಅದಕ್ಕೆ. ಸೆಬೆನ್ಜಾದ ಜೊತೆ ಬಿಚ್ಚುವ ಕೀ ಡಬ್ಬಿಯಲ್ಲೇ ಬರುತ್ತದೆ. ಬಿಚ್ಚಿ, ತೊಳೆದು, ಸ್ಕ್ರೂ ಪೂರ್ತಿ ಬಿಗಿ ಮಾಡಿದರೂ ಅಲಗು ಅಷ್ಟೇ ನಯವಾಗಿ ತಿರುಗುತ್ತದೆ, ಅಷ್ಟು ಅಚ್ಚುಕಟ್ಟಾಗಿ ಮಾಡಿರುತ್ತಾರೆ. ಇದಕ್ಕೆ ದುಡ್ಡು ಕೊಡುವುದು ಹುಚ್ಚು ಅನ್ನುವವರ ಜೊತೆ ನನಗೆ ಜಗಳವಿಲ್ಲ. ಅವರ ಹುಚ್ಚುಗಳ ಬಗ್ಗೆ ನಾನೂ ಏನೂ ಕೇಳುವುದಿಲ್ಲ.

ಇಷ್ಟು ಓದಿಯೂ ಹೆಸರೇ ಬೇಕು ಅನ್ನುವವರಿಗೆ: ಮಸೆಯಲು ಕಲಿಯುತ್ತೀರಾದರೆ ಮಿನಿ ಬಗೌಟ್, ಜೊತೆಗೆ ಒಂದು ಡೈಮಂಡ್ ಕಲ್ಲು. ಬೆರಳಿನ ಭಯ ಇದ್ದರೆ ಪ್ಯಾರಾ 3. ಮಸೆಯುವುದೇ ಇಲ್ಲ, ಆಗಾಗ ತೆಗೆದು ಮುಚ್ಚಿ ಖುಷಿಪಡುತ್ತೇನೆ ಅಂದರೆ ಸೆಬೆನ್ಜಾ ತಗೊಳ್ಳಿ, ತಮಾಷೆಗೆ ಹೇಳುತ್ತಿಲ್ಲ. ಉಡುಗೊರೆ ಕೊಡಲು ಕೇಳುವವರಿಗೂ ಅದೇ. ಆದರೆ ಮೊಂಡಾದ ಮೇಲೆ ನನ್ನ ಮೇಜಿನ ಮೇಲೆ ತಂದು ಇಡಬೇಡಿ.